ಸೋತದ್ದು ಮದ್ದಲ್ಲ

ನನ್ನ ಓರಗಿತ್ತಿ ದಾಮೆಶಳನ್ನು ಯಾರಾದರೂ "ಪಾಪ" ಎಂದರೆ ನನಗೆ ಮೈ ಉರಿಯುತ್ತದೆ. ಹಾಗೆ ಅನ್ನುವವರೇ ಅವಳು ಕೊಟ್ಟ ಕುಮಿಸ್ ಬಟ್ಟಲನ್ನು ಬಾಯಿಯ ತನಕ ತಂದು, ಅವಳ ಕೈಮೇಲಿನ ಹಕ್ಕಳೆ ನೋಡಿ, ಹೊಟ್ಟೆ ಸರಿಯಿಲ್ಲವೆಂದು ಕೆಳಗಿಟ್ಟವರು. ಹುಳಿ ಬಂದ ಕುದುರೆ ಹಾಲನ್ನು ಕಂಡು ಹೊಟ್ಟೆ ಸರಿಯಿಲ್ಲ ಎನ್ನುವ ಕಝಾಕ್ ಎಲ್ಲಾದರೂ ಇದ್ದಾನೆಯೆ? ಸುಳ್ಳು ಹೇಳುವುದಕ್ಕೂ ಸ್ವಲ್ಪ ನಾಚಿಕೆ ಬೇಕು.

ದಾಮೆಶ್ ನನ್ನ ಮೈದುನ ಝುಮಾಷನ ಹೆಂಡತಿ. ಕರ್ಕರಾಲಿ ಬೆಟ್ಟಗಳ ಮಗ್ಗುಲಿನ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಾಗ ಕುದುರೆಯ ಯಾವ ತುದಿ ಕಚ್ಚುತ್ತದೆ, ಯಾವ ತುದಿ ಒದೆಯುತ್ತದೆ ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ರೈಲು ನಿಲ್ದಾಣದ ಪಕ್ಕ ಬೆಳೆದ ಹುಡುಗಿ. ಮೊದಲ ಬೇಸಿಗೆಯಲ್ಲೇ ಒಂದು ಬೂದು ಹೆಣ್ಣುಕುದುರೆ ಅವಳನ್ನು ಬಕೆಟ್ಟಿನ ಸಮೇತ ಉರುಳಿಸಿತು. ಎದುರಿಗೇ ನಮ್ಮ ಅತ್ತೆ ನಿಂತಿದ್ದರು. ಅಳುತ್ತಾಳೆ ಅಂದುಕೊಂಡೆ. ಅವಳು ಲಂಗ ಕೊಡವಿಕೊಂಡು ಎದ್ದು, ಕುದುರೆಯ ಮೂತಿಯ ಮುಂದೆ ಹೋಗಿ ನಿಂತು, "ಏ, ನಿನಗಿಂತ ನಮ್ಮತ್ತೆ ಜೋರಿದಾರೆ ಕಣೇ. ಅವರಿಗೇ ಹೆದರಿಲ್ಲ, ನಿಂಗೆ ಹೆದರ್ತೀನಾ?" ಅಂದಳು. ಅತ್ತೆ ನಕ್ಕುಬಿಟ್ಟರು. ಆ ಹೆಂಗಸು ನಗುತ್ತಾರೆಂಬುದು ನನಗೆ ಗೊತ್ತಾದದ್ದೇ ಅವತ್ತು.

ಕುದುರೆ ಹಸುವಿನ ಹಾಗೆ ಮೆಲುಕು ಹಾಕುತ್ತ ನಿಂತು ಹಾಲು ಕೊಡುವುದಿಲ್ಲ. ಮೊದಲು ಮರಿಯನ್ನು ಬಿಡಬೇಕು. ಅದು ಚೀಪಿ ಹಾಲು ಇಳಿಯುತ್ತಿದ್ದ ಹಾಗೆ ಪಕ್ಕಕ್ಕೆ ಎಳೆಯಬೇಕು. ಒಂದು ಮಂಡಿ ಊರಿ, ಇನ್ನೊಂದರ ಮೇಲೆ ಬಕೆಟ್ ಇಟ್ಟುಕೊಂಡು, ಕುದುರೆಯ ಹಿಂಗಾಲನ್ನು ತೋಳಿನಿಂದ ಬಳಸಿ ಹಿಂಡಬೇಕು. ಮೊಲೆಗಳು ಚಿಕ್ಕವು, ಎಲ್ಲ ಕೆಲಸವೂ ಬೆರಳುಗಳದ್ದೇ. ಹಾಲು ಇಳಿದು ನಿಲ್ಲುವುದು ಗಳಿಗೆ ಹೊತ್ತು, ಅಷ್ಟರಲ್ಲಿ ಮುಗಿಸಬೇಕು. ಬೇಸಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ ಮತ್ತೆ ಮತ್ತೆ. ಕೆಲವೇ ವರ್ಷಗಳಲ್ಲಿ ದಾಮೆಶ್ ನಮ್ಮೆಲ್ಲರನ್ನೂ ಮೀರಿಸಿದಳು. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿದ ನಗರದವರು ನನ್ನ ಬಾಟಲಿಗಳನ್ನು ದಾಟಿಕೊಂಡು ಹೋಗಿ "ದಾಮೆಶಳದ್ದು ಇದೆಯಾ?" ಎಂದು ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅವಳ ಕುಮಿಸ್ ನಿಜವಾಗಿಯೂ ಚೆನ್ನಾಗಿತ್ತು.

ಮಗನ ಮದುವೆಯ ಹೊತ್ತಿಗೆ ಅವಳ ಮೊಣಕೈಯಲ್ಲಿ ಬೆಳ್ಳಗೆ ಹಕ್ಕಳೆ ಏಳತೊಡಗಿತು. ಆಮೇಲೆ ತಲೆಯಲ್ಲಿ, ಆಮೇಲೆ ಕೈಮೇಲೆ. ಮಂತ್ರ ಹಾಕುವ ಮುದುಕಿ ಬಂದು ಮೂರು ದಿಕ್ಕಿಗೆ ಉಗಿದುಹೋದಳು. ಯಾರೋ ಗಾಡಿಯ ಕೀಲೆಣ್ಣೆ ಹಚ್ಚು ಎಂದರು, ಹಚ್ಚಿಕೊಂಡು ನಾರಿದಳು. ಆಗಲೇ ಶುರುವಾದದ್ದು ಬಟ್ಟಲು ಕೆಳಗಿಡುವ ಆಟ. ಅಂಟುರೋಗ ಅಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು.

ಮರುವರ್ಷ ಬೆರಳುಗಳು ಊದಿಕೊಂಡವು. ಗೆಣ್ಣು ಮಾತ್ರವಲ್ಲ, ಇಡೀ ಬೆರಳೇ ಬುಡದಿಂದ ತುದಿಯವರೆಗೆ. ಕುದುರೆಯ ಪಕ್ಕೆಲುಬಿನ ಮಾಂಸವನ್ನು ಕರುಳಿಗೆ ತುಂಬಿ ಕಝಿ ಮಾಡುತ್ತೇವಲ್ಲ, ಹಾಗೆ. "ಅಕ್ಕಾ, ಈ ಸಲ ನಮ್ಮನೇಲಿ ಕುದುರೆ ಕಡಿಯೋದು ಬೇಡ, ಕಝಿ ನನ್ನ ಕೈಯಲ್ಲೇ ಸಿದ್ಧವಾಗಿದೆ" ಎಂದು ತಾನೇ ನಗುತ್ತಿದ್ದಳು. ಬೆಳಗ್ಗೆ ಎದ್ದರೆ ಕೈ ಬಿಡಿಸಿಕೊಳ್ಳುವುದಕ್ಕೆ ಬಿಸಿನೀರಿನಲ್ಲಿ ಮುಳುಗಿಸಿಕೊಂಡು ಕೂರಬೇಕಿತ್ತು. ಅಷ್ಟರಲ್ಲಿ ಹಗ್ಗಕ್ಕೆ ಕಟ್ಟಿದ ಮರಿಗಳು ಅರಚುತ್ತಿರುತ್ತಿದ್ದವು.

ತಾಲೂಕು ಆಸ್ಪತ್ರೆಯಲ್ಲಿ ಉಪ್ಪು ಕೂತಿದೆ ಎಂದರು. ಕೀಲಿನಲ್ಲಿ ಉಪ್ಪು ಕೂತಿದೆ, ಉಪ್ಪು ಬಿಡು. ವರ್ಷಗಟ್ಟಲೆ ನಮ್ಮ ದಾಮೆಶ್ ಸಪ್ಪೆ ಸಾರು, ಸಪ್ಪೆ ಶಾವಿಗೆ ತಿಂದಳು. ಒಬ್ಬರು ಚರ್ಮ ನೋಡಿ ಮುಲಾಮು ಬರೆದರು, ಇನ್ನೊಬ್ಬರು ಕೈ ನೋಡಿ ಉಪ್ಪು ಬಿಡಿಸಿದರು. ಚರ್ಮ ಮತ್ತು ಕೈ ಒಂದೇ ಹೆಂಗಸಿನ ಮೈಮೇಲಿವೆ ಎನ್ನುವುದು ಇಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ನಗರದ ರೌಷನ್ ಬೊಲಾತೊವ್ನಾ ಎಂಬ ಕೀಲುರೋಗದ ಡಾಕ್ಟರಿಗೆ. ಅವರು ದಾಮೆಶಳ ಉಗುರಿನ ಮೇಲಿನ ಸಣ್ಣ ಸಣ್ಣ ಗುಳಿಗಳನ್ನು ನೋಡಿ, ತಲೆಗೂದಲು ಸರಿಸಿ ನೋಡಿ, ಎರಡೂ ಒಂದೇ ರೋಗ ಎಂದರು. ಚರ್ಮದ ಸೋರಿಯಾಸಿಸ್ ಕೀಲಿಗೆ ಇಳಿದಿದೆ. ನಮ್ಮ ಮೈ ಕಾಯಬೇಕಾದ ಶಕ್ತಿಯೇ ತಿಳಿಯದೆ ನಮ್ಮ ಮೇಲೆ ಬೀಳುತ್ತದೆ ಎಂದು ಬಿಡಿಸಿ ಹೇಳಿದರು.

"ಅಂದ್ರೆ ನಮ್ಮ ಮನೆ ನಾಯಿ ನಮ್ಮನ್ನೇ ಕಚ್ತಿದೆ ಅನ್ನಿ," ಅಂದಳು ದಾಮೆಶ್.

"ಹೌದು ಅಪಾ, ಹಾಗೇ ಅಂದ್ಕೊಳ್ಳಿ." ಹಿರಿಯ ಹೆಂಗಸರನ್ನು ನಮ್ಮಲ್ಲಿ ಅಪಾ ಎಂದೇ ಕರೆಯುವುದು.

"ಹೊಡೆದು ಹಾಕಿ ಮತ್ತೆ."

"ಹೊಡೆಯೋ ಹಾಗಿಲ್ಲ, ಕಟ್ಟಿಹಾಕ್ಬೇಕು."

ಮೊದಲು ಮಾತ್ರೆ ಕೊಟ್ಟರು. ಅದು ಅವಳ ಪಿತ್ತಜನಕಾಂಗಕ್ಕೆ ಆಗಿಬರಲಿಲ್ಲ, ತಿಂದದ್ದೆಲ್ಲ ವಾಂತಿ. ಕೊನೆಗೆ ಬಯೊಲಾಜಿಕ್ ಎನ್ನುವ ಸೂಜಿಮದ್ದು. ಜೀವಕೋಶಗಳಿಂದ ತಯಾರಿಸುವಂಥದ್ದು, ದುಬಾರಿ, ಸರ್ಕಾರವೇ ಕೊಡಬೇಕು, ಕೊಡುವುದೋ ಬಿಡುವುದೋ ಒಂದು ಸಮಿತಿ ಕೂತು ಹೇಳಬೇಕು. ಅದಕ್ಕೂ ಮೊದಲು ಕ್ಷಯ ಇದೆಯೇ ಎಂದು ಎದೆಯ ಚಿತ್ರ ತೆಗೆದರು. ಕ್ಷಯದವರಿಗೆಲ್ಲ ಕುಮಿಸ್ ಕುಡಿಸಿ ಮೈ ತುಂಬಿಸಿದವಳಿಗೆ ಕ್ಷಯವೇ ಎಂದು ದಾಮೆಶ್ ಜಗಳಕ್ಕೆ ನಿಂತಳು. ಅಂತೂ ಸಮಿತಿ ಒಪ್ಪಿತು. ಹದಿನೈದು ದಿನಕ್ಕೊಮ್ಮೆ ತಾಲೂಕಿಗೆ ಹೋಗಬೇಕು, ಅಲ್ಲಿ ನರ್ಸ್ ತೊಡೆಗೆ ಚುಚ್ಚುತ್ತಾಳೆ.

ಒಂದು ದಿನ ನಾನು ಅಂಗಳದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ದಾಮೆಶ್ ಎರಡೂ ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತಳು.

"ಅಕ್ಕಾ, ಇಲ್ಲಿ ಬಗ್ಗಿ."

"ಯಾಕೇ?"

"ಬಗ್ಗಿ ಅಂದ್ರೆ ಬಗ್ಗಿ."

ಬಗ್ಗಿದೆ. ಹೆಬ್ಬೆರಳು ತೋರುಬೆರಳಲ್ಲಿ ನನ್ನ ಕೆನ್ನೆ ಹಿಡಿದು ಚಿವುಟಿದಳು ನೋಡಿ, ಬೀದಿಗೆ ಕೇಳುವ ಹಾಗೆ ಕಿರುಚಿದೆ. ಅದು ಹಾಲು ಹಿಂಡುವವಳ ಹಿಡಿತ. ಬಂದಿತ್ತು, ಮರಳಿ ಬಂದಿತ್ತು! ಇಬ್ಬರೂ ಹಿಟ್ಟು ಮೆತ್ತಿಕೊಂಡು ಅತ್ತೆವು. ಆ ಬೇಸಿಗೆಯೆಲ್ಲ ಅವಳೇ ಹಿಂಡಿದಳು. ಚರ್ಮ ತಿಳಿಯಾಯಿತು. ಹೊಟ್ಟೆ ಸರಿಯಿಲ್ಲದವರಿಗೆಲ್ಲ ಹೊಟ್ಟೆ ಸರಿಹೋಯಿತು, ಬಟ್ಟಲು ಹಿಡಿದು ಬಂದರು. ನಾನಾಗಿದ್ದರೆ ಮುಖಕ್ಕೆ ಎರಚುತ್ತಿದ್ದೆ, ಅವಳು ತುಂಬಿಸಿ ಕೊಟ್ಟಳು.

ಈಗ ಹೇಳಬೇಕಾದದ್ದು ಆ ವರ್ಷದ ಚಳಿಗಾಲ. ಹಿಮ ಬಿದ್ದರೆ ನಮ್ಮ ರಸ್ತೆ ಮುಚ್ಚಿಹೋಗುತ್ತದೆ, ತಾಲೂಕಿಗೆ ಹೋಗಿ ಚುಚ್ಚಿಸಿಕೊಳ್ಳುವ ಮಾತಿಲ್ಲ. ಆದ್ದರಿಂದ ರೌಷನ್ ಬೊಲಾತೊವ್ನಾ ಚಳಿಗಾಲಕ್ಕೆ ಸಾಲುವಷ್ಟು ಮದ್ದನ್ನು ಮನೆಗೇ ಕೊಟ್ಟು ಕಳಿಸಿದರು. ಚುಚ್ಚುವುದು ಹೇಗೆಂದು ತೋರಿಸಿಕೊಟ್ಟರು. ಅವರು ನಗರದಲ್ಲಿ ಹುಟ್ಟಿ ಬೆಳೆದವರು, ಬಾಯಿ ತೆರೆದರೆ ರಷ್ಯನ್. ಅವತ್ತು ಮಾತ್ರ ಹಳ್ಳಿಯ ಹೆಂಗಸಿಗೆ ತಿಳಿಯಲಿ ಎಂದು ಕಷ್ಟಪಟ್ಟು ಅಚ್ಚ ಕಝಾಕ್‌ನಲ್ಲಿ ಹೇಳಿದರು: "ಇದನ್ನು ತೊಂಗಾಝಿತ್ಕಿಶ್‌ನಲ್ಲಿ ಇಡಿ ಅಪಾ."

ನಮ್ಮ ಮನೆಗಳಲ್ಲಿ ಫ್ರಿಜ್ಜಿಗೆ ರಷ್ಯನ್ ಹೆಸರೇ, ಖಲದೀಲ್ನಿಕ್. ಅದಕ್ಕೆ ತೊಂಗಾಝಿತ್ಕಿಶ್ ಎನ್ನುವುದು ಟಿವಿಯಲ್ಲಿ ಸುದ್ದಿ ಓದುವವರ ಮಾತು, ದಾಮೆಶಳ ಬಾಯಲ್ಲಿ ಹುಟ್ಟಿದಾಗಿನಿಂದ ಬಂದದ್ದಲ್ಲ. ಆದರೆ ತೊಂಗ್ ಎಂದರೆ ಏನೆಂದು ಅವಳಿಗೆ ಗೊತ್ತು. ಹೆಪ್ಪುಗಟ್ಟಿ ಕಲ್ಲಾದ ನೆಲಕ್ಕೆ ನಾವು ತೊಂಗ್ ಎನ್ನುತ್ತೇವೆ. ಹೆಪ್ಪುಗಟ್ಟುವ ಕಡೆ ಇಡು ಎಂದು ಅವಳು ಅರ್ಥ ಮಾಡಿಕೊಂಡಳು. ನಾನಾಗಿದ್ದರೂ ಹಾಗೇ ಮಾಡಿಕೊಳ್ಳುತ್ತಿದ್ದೆ.

ಹೆಪ್ಪುಗಟ್ಟುವ ಜಾಗಕ್ಕೆ ನಮ್ಮಲ್ಲಿ ಬರವೇ? ಚಳಿಗಾಲದ ಮಾಂಸಕ್ಕೆಂದು ಕುದುರೆ ಕಡಿದ ದಿನವೇ ನಾವು ಫ್ರಿಜ್ಜಿನ ತಂತಿ ಕಿತ್ತು, ಬಾಗಿಲು ತೆರೆದಿಟ್ಟು, ಒಳಗೆ ಈರುಳ್ಳಿ ತುಂಬುತ್ತೇವೆ. ಹೊರಗೆ ಉಗುಳು ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗುವಾಗ ತಣ್ಣನೆ ಪೆಟ್ಟಿಗೆಗೆ ಕರೆಂಟು ಯಾರು ಸುಡುತ್ತಾರೆ? ಮಾಂಸವೆಲ್ಲ ಒಲೆಯಿಲ್ಲದ ಮುಂಗೋಣೆಯಲ್ಲಿ ತೂಗುತ್ತಿರುತ್ತದೆ. ದಾಮೆಶ್ ಸೊಸೆ ಅಕ್ಮರಾಲಳನ್ನು ಕರೆದು, "ಹೆಪ್ಪುಗಟ್ಟೋ ಕಡೆ ಇಡ್ಬೇಕಂತೆ, ಡಾಕ್ಟರಮ್ಮ ಹೇಳಿದಾರೆ" ಎಂದಳು. ಸೊಸೆ ಮದ್ದಿನ ಪೆಟ್ಟಿಗೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪಕ್ಕೆಲುಬುಗಳ ಪಕ್ಕದ ಹಲಗೆಯ ಮೇಲೆ ಇಟ್ಟಳು. ಮನೆಯಲ್ಲಿ ಅದಕ್ಕಿಂತ ಮರ್ಯಾದೆಯ ಜಾಗ ಇರಲಿಲ್ಲ.

ಚುಚ್ಚುವ ದಿನ ಅಕ್ಮರಾಲ್ ಪೆಟ್ಟಿಗೆ ತಂದು ಒಲೆಯ ಮಗ್ಗುಲಲ್ಲಿ ಕರಗಿಸುತ್ತಿದ್ದಳು. ದಾಮೆಶ್ ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಹೇಳಿ ಚುಚ್ಚಿಸಿಕೊಳ್ಳುತ್ತಿದ್ದಳು. ಒಂದು ಸಲವೂ ತಪ್ಪಿಸಲಿಲ್ಲ. ಚಳಿಗಾಲದ ನಡುಭಾಗಕ್ಕೆ ಬೆರಳು ಮತ್ತೆ ಕಝಿಯಾಯಿತು. ಹಿಮ ಕರಗುವ ಮೊದಲು ಚಹಾದ ಬಟ್ಟಲನ್ನು ಎರಡೂ ಅಂಗೈ ಸೇರಿಸಿ ಎತ್ತುವ ಹಾಗಾಯಿತು. ಫೋನಿನಲ್ಲಿ ರೌಷನ್ ಬೊಲಾತೊವ್ನಾ ಸಮಾಧಾನ ಹೇಳಿದರು.

"ಕೆಲವರಲ್ಲಿ ಹೀಗಾಗುತ್ತೆ ಅಪಾ. ಕ್ರಮೇಣ ಮದ್ದು ಸೋಲುತ್ತೆ. ವಸಂತದಲ್ಲಿ ಸಮಿತಿ ಕೂತಾಗ ಸೋತಿದೆ ಅಂತ ಬರೆದು ಬೇರೆ ಮದ್ದಿಗೆ ಬದಲಾಯಿಸ್ತೀವಿ."

"ಯಾವುದಕ್ಕೆ?"

"ಯಾವುದು ಬರುತ್ತೋ ಅದಕ್ಕೆ. ಆದ್ರೆ ಒಂದು ಸಲ ಸೋತಿದೆ ಅಂತ ಬರೆದ ಮೇಲೆ ಇದನ್ನ ಮತ್ತೆ ಕೊಡೋ ಹಾಗಿಲ್ಲ."

ದಾಮೆಶ್ ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನನ್ನ ಕೈ ಬಿಡಿಸಿದ ಮದ್ದು ಅಕ್ಕಾ ಅದು. ಬೇಸಿಗೆಲಿ ಕುದುರೆ ಹಾಗೆ ಓಡಿದ್ದು ಚಳೀಲಿ ಸೋಲೋದು ಅಂದ್ರೇನು?" ಎಂದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಮೇ ತಿಂಗಳಲ್ಲಿ ಮರಿಗಳನ್ನು ಹಗ್ಗಕ್ಕೆ ಕಟ್ಟುವ ಹೊತ್ತಿಗೆ ಕೈ ತೆರೆಯುವಂತಿರಬೇಕು, ಮುಚ್ಚುವಂತಿರಬೇಕು.

ಏಪ್ರಿಲ್‌ನಲ್ಲಿ ಕುದುರೆ ಡಾಕ್ಟರು ಬಂದ. ಹೆಸರು ತುಯಾಕ್, ಅಂದರೆ ಗೊರಸು. ಹೆತ್ತವರಿಗೆ ಮೊದಲೇ ಗೊತ್ತಿತ್ತೇನೋ ಎಂದು ನಾವು ರೇಗಿಸುತ್ತಿರುತ್ತೇವೆ. ಕುದುರೆಗಳಿಗೆ ಲಸಿಕೆ ಹಾಕಿ ಮುಗಿಸಿ ಕೈ ತೊಳೆಯಲು ದಾಮೆಶಳ ಮನೆಯೊಳಗೆ ಬಂದವನು ಮುಂಗೋಣೆಯಲ್ಲಿ ನಿಂತುಬಿಟ್ಟ. ಉಳಿದಿದ್ದ ಕೊನೆಯ ಪೆಟ್ಟಿಗೆ ಹಲಗೆಯ ಮೇಲಿತ್ತು.

"ಇದ್ಯಾರ ಮದ್ದು?"

"ನಂದು," ಅಂದಳು ದಾಮೆಶ್. ನಾನು ಅಲ್ಲೇ ಮಾಂಸ ಕೊಯ್ಯುತ್ತಿದ್ದೆ.

"ಚಳಿಗಾಲವೆಲ್ಲ ಇಲ್ಲೇ ಇತ್ತಾ?"

"ಇನ್ನೆಲ್ಲಿ? ಹೆಪ್ಪುಗಟ್ಟೋ ಕಡೆ ಇಡು ಅಂದ್ರು."

ತುಯಾಕ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಪಾ, ನನ್ನ ಲಸಿಕೆ ಹೀಗೆ ಹೆಪ್ಪುಗಟ್ಟಿದ್ರೆ ಕುದುರೆಗೆ ಹಾಕಲ್ಲ, ಗುಂಡಿಗೆ ಹಾಕ್ತೀನಿ. ಇದೂ ಹಂಗೇ. ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ನೀವು ಇಷ್ಟು ದಿನ ಚುಚ್ಚಿಸಿಕೊಂಡಿದ್ದು ಕೆಟ್ಟುಹೋದ ಮದ್ದು."

ಆಗ ಬಾಗಿಲ ಹಿಂದಿನಿಂದ ಅಕ್ಮರಾಲ್, ನೆಲ ನೋಡುತ್ತ, "ಪೆಟ್ಟಿಗೆ ಮೇಲೂ ಹಾಗೇ ಬರೆದಿತ್ತು" ಎಂದಳು.

ದಾಮೆಶ್ ತಿರುಗಿದಳು. "ಓದಿದ್ಯಾ?"

"ಓದಿದ್ದೆ."

"ಓದಿದವಳಿಗೆ ಬಾಯಿ ಇರಲಿಲ್ವಾ?"

"ಡಾಕ್ಟರಮ್ಮ ಹೇಳಿದಾರೆ ಅಂತ ನೀವಂದ್ರಿ. ಹಿರಿಯರು ಹೇಳಿದ ಮೇಲೆ ಎದುರು ಮಾತಾಡ್ಬೇಡ ಅಂತ ಬಂದ ದಿನಾನೇ ಹೇಳಿದ್ರಿ."

ನನ್ನ ಕೈಯ ಚಾಕು ಹಾಗೇ ನಿಂತಿತು. ಯಾರ ಮೇಲೆ ಕಿರುಚಬೇಕೋ ತಿಳಿಯದೆ ಎಲ್ಲರ ಮೇಲೂ ಸಿಟ್ಟು ಬಂತು. ಸೊಸೆಯರಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ನಾವು ಕಲಿಸುತ್ತೇವೆ, ಅದನ್ನೊಂದು ಗುಣ ಎಂದು ಮದುವೆ ಮನೆಗಳಲ್ಲಿ ಹೊಗಳುತ್ತೇವೆ. ಈ ಹುಡುಗಿ ಕಲಿತದ್ದನ್ನು ಮಾಡಿದ್ದಳು, ಅಷ್ಟೆ. ಇನ್ನು ಆ ನಗರದವರು? ಮದ್ದು ಸೋತಿತು ಎನ್ನುವುದಕ್ಕೆ ಮೊದಲು, ಮದ್ದನ್ನು ಎಲ್ಲಿಟ್ಟಿದ್ದೀಯಮ್ಮ ಎಂದು ಒಂದು ಮಾತು ಕೇಳಬಾರದಿತ್ತೇ? ಕುದುರೆ ಡಾಕ್ಟರು ಕೈ ತೊಳೆಯಲು ಬಂದು ಕೇಳಿದ್ದನ್ನು ಮನುಷ್ಯರ ಡಾಕ್ಟರುಗಳು ಚಳಿಗಾಲವಿಡೀ ಕೇಳಲಿಲ್ಲ.

ಅವತ್ತು ಸಂಜೆಯೂಟಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು. ನನ್ನ ಗಂಡ ಮನೆಗೆ ಹಿರಿಯ. ಅವನ ಹೆಸರನ್ನು ದಾಮೆಶ್ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಗಂಡನ ಅಣ್ಣನಲ್ಲವೆ, "ಮೀಸೆಯವರು" ಎನ್ನುತ್ತಾಳೆ. ಮೀಸೆಯವರು ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟರು.

"ಬಾಯಿ ಮುಚ್ಕೊಂಡಿರಿ. ಸರ್ಕಾರದ ಮದ್ದು ಹಾಳು ಮಾಡಿದ್ದೀವಿ ಅಂತ ಗೊತ್ತಾದ್ರೆ ಏನೂ ಕೊಡಲ್ಲ. ಸೋತಿದೆ ಅಂತ ಅವರೇ ಅಂತಿದಾರೆ, ಅನ್ನಲಿ. ಕೊಟ್ಟಿದ್ದು ತಗೊಂಡು ಬನ್ನಿ."

ಝುಮಾಷ್ ತಲೆಯಾಡಿಸಿದ. ಅವನು ಅಣ್ಣನ ಮಾತಿಗೆ ಹುಟ್ಟಿದಾಗಿನಿಂದ ತಲೆಯಾಡಿಸುತ್ತ ಬಂದಿದ್ದಾನೆ. ದಾಮೆಶ್ ನನ್ನ ಕಡೆ ನೋಡಿ, ನನ್ನ ಗಂಡನಿಗೆ ಕೇಳುವ ಹಾಗೆ ಜೋರಾಗಿ, "ಅಕ್ಕಾ, ಮೀಸೆಯವರಿಗೆ ಹೇಳಿ. ಒಳ್ಳೇ ಕುದುರೆಗೆ ಮೇವು ಹಾಕದೆ ಮಲಗಿಸಿ, ಕುಂಟು ಕುದುರೆ ಅಂತ ಮಾರೋ ಜನ ನಾವಲ್ಲ ಅಂತ" ಅಂದಳು. ಮೀಸೆಯವರು ರೊಟ್ಟಿ ಬಿಟ್ಟು ಎದ್ದರು. ಏಳಲಿ.

ಸಮಿತಿಗೆ ನಾನೇ ಅವಳ ಜೊತೆ ಹೋದೆ. ಉದ್ದನೆ ಮೇಜು, ಆಚೆ ಬದಿಗೆ ರೌಷನ್ ಬೊಲಾತೊವ್ನಾ ಮತ್ತು ಇನ್ನಿಬ್ಬರು, ನಡುವೆ ಅಧ್ಯಕ್ಷ. ದಾಮೆಶ್ ಮಾಂಸ, ಮುಂಗೋಣೆ, ತೊಂಗ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರಮ್ಮನ ಕಿವಿ ಕೆಂಪಾಯಿತು.

"ಅಪಾ, ನಾನು ಸ್ಪಷ್ಟವಾಗಿ ಕಝಾಕ್‌ನಲ್ಲೇ ಹೇಳಿದ್ದೆ," ಎಂದರು.

"ಅದೇ ಆಗಿದ್ದು ತಾಯಿ," ಅಂದೆ ನಾನು. "ಖಲದೀಲ್ನಿಕ್ ಅಂದಿದ್ರೆ ನಮಗೆ ತಿಳೀತಿತ್ತು."

ಅಧ್ಯಕ್ಷನಿಗೆ ನಗು ಬಂತು. ಅವನ ಆ ನಗುವನ್ನು ನಾನು ಮರೆಯುವುದಿಲ್ಲ. "ಹಾಗಾದ್ರೆ ರೋಗಿಯ ತಪ್ಪು," ಅಂದ. ರೌಷನ್ ಬೊಲಾತೊವ್ನಾ ದಾಮೆಶಳ ಕಡೆ ಬಾಗಿ ದನಿ ತಗ್ಗಿಸಿದರು. ಕೆಟ್ಟವರಲ್ಲ ಅವರು, ಅದನ್ನೂ ಹೇಳಬೇಕು.

"ಇದನ್ನ ನೀವು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ ಅಂತ ಇರಲಿ. ಮದ್ದು ಸೋತಿದೆ ಅಂತಲೇ ಹಾಕೋಣ. ಮುಂದಿನ ತಿಂಗಳೇ ಬೇರೆ ಮದ್ದು ಕೊಡಿಸ್ತೀನಿ. ರೋಗಿಯ ತಪ್ಪು ಅಂದ್ರೆ ಎಲ್ಲಾನೂ ನಿಲ್ಲಿಸಬೇಕಾಗುತ್ತೆ."

"ಬೇರೆ ಮದ್ದು ನನ್ನ ಕೈ ಬಿಡಿಸುತ್ತಾ?"

"ಬಿಡಿಸಬಹುದು. ಬಿಡಿಸದೇನೂ ಇರಬಹುದು."

"ಇದು ಬಿಡಿಸಿತ್ತು. ಅದು ಸೋತಿಲ್ಲ, ಸೋತವಳು ನಾನು. ನಾನು ಸೋತೆ ಅಂತ ಬರೀರಿ." ದಾಮೆಶಳ ದನಿ ಏರಿತು. "ನನ್ನ ಹಾಗೆ ಹಳ್ಳೀಲಿ ಇನ್ನೆಷ್ಟು ಜನ ಮಾಂಸದ ಪಕ್ಕ ಇಟ್ಟಿದಾರೋ, ಯಾರಾದ್ರೂ ಕೇಳಿದ್ದೀರಾ? ಅವರದ್ದೆಲ್ಲ ಸೋತಿದೆ ಅಂತ ಬರೆದು ಕೂತಿದ್ದೀರಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಧ್ಯಕ್ಷ ಮಾತ್ರ ಬರೆದ. ರೋಗಿ ಮದ್ದಿನ ನಿಯಮ ಪಾಲಿಸಿಲ್ಲ, ಶರತ್ಕಾಲದ ಸಭೆಯವರೆಗೆ ಕೊಡುವುದು ನಿಲ್ಲಿಸಿದೆ, ಆಗ ಮತ್ತೆ ಇದೇ ಮದ್ದನ್ನು ಕೊಡುವುದರ ಬಗ್ಗೆ ನೋಡಬಹುದು. ನಿಜ ಹೇಳಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಒಂದು ಇಡೀ ಬೇಸಿಗೆ. ನಿಜವನ್ನು ಮುಚ್ಚಿಹಾಕಲು ಎಲ್ಲರೂ ತಯಾರಿದ್ದರು, ತಪ್ಪನ್ನು ತಿದ್ದಿಕೊಡಲು ಯಾರಿಗೂ ನಿಯಮ ಇರಲಿಲ್ಲ.

ಆ ಬೇಸಿಗೆ ಕುದುರೆಗಳನ್ನು ಅಕ್ಮರಾಲ್ ಹಿಂಡಿದಳು. ದಾಮೆಶ್ ಪಕ್ಕದಲ್ಲಿ ನಿಂತು, ಊದಿದ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಮರಿ ಎಳೀ ಈಗ, ಎಳೀ, ಹಾಲು ಇಳೀತು, ಹಿಡಿ!" ಎಂದು ಕೂಗುತ್ತಿದ್ದಳು. ಅಕ್ಮರಾಲ್ ಒಮ್ಮೆ, "ಅತ್ತೆ, ಸ್ವಲ್ಪ ಸುಮ್ನಿರಿ, ಕುದುರೆ ಬೆದರುತ್ತೆ" ಎಂದು ಎದುರು ಮಾತಾಡಿದಳು. ದಾಮೆಶ್ ಸುಮ್ಮನಾದಳು. ಮತ್ತೆ ಮಾತ್ರೆ, ಮತ್ತೆ ವಾಂತಿ. ಊತ ಇಳಿದ ಬೆರಳುಗಳೂ ಮಡಿಚಿಕೊಳ್ಳಲಿಲ್ಲ, ಒಳಗೆ ಕೀಲುಗಳು ಸವೆದು ಒಂದಕ್ಕೊಂದು ಅಂಟಿಕೊಂಡಿದ್ದವು.

ಶರತ್ಕಾಲದಲ್ಲಿ ಸಮಿತಿ ಒಪ್ಪಿತು. ಅದೇ ಮದ್ದು, ಅದೇ ಪೆಟ್ಟಿಗೆ. ಈ ಸಲ ನಮ್ಮೂರಿನಲ್ಲಿ ಚಳಿಗಾಲದಲ್ಲೂ ಫ್ರಿಜ್ ಓಡುವ ಏಕೈಕ ಮನೆ ದಾಮೆಶಳದು. ಮದ್ದು ಕೆಲಸ ಮಾಡಿತು. ಚರ್ಮ ಮಗುವಿನದರ ಹಾಗೆ ತಿಳಿಯಾಯಿತು, ನೋವು ಹೋಯಿತು, ಊತ ಹೋಯಿತು.

ಮುಂದಿನ ವಸಂತದಲ್ಲಿ ರೌಷನ್ ಬೊಲಾತೊವ್ನಾ ಮೂವರು ಎಳೆಯ ಡಾಕ್ಟರುಗಳನ್ನು ಕರೆದುಕೊಂಡು ನಮ್ಮ ಹಳ್ಳಿಗೇ ಬಂದರು. ಈಗ ಅವರು ಮನೆಮನೆಗೆ ಹೋಗಿ ಮದ್ದು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾರಂತೆ. ದಾಮೆಶ್ ಮೇಜಿಗೆ ಬಟ್ಟೆ ಹಾಸಿದಳು, ಅಕ್ಮರಾಲ್ ಚಹಾ ಬಗ್ಗಿಸಿದಳು, ನಾನು ಹಿಟ್ಟಿನ ಬೌರ್ಸಾಕ್ ಕರಿದು ತಂದೆ. ಡಾಕ್ಟರಮ್ಮ ದಾಮೆಶಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಎಳೆಯರಿಗೆ ತೋರಿಸಿದರು.

"ನೋವಿದೆಯಾ ಅಪಾ?"

"ಇಲ್ಲ."

"ಬೆಳಗ್ಗೆ ಬಿಗಿಯೋದು?"

"ಇಲ್ಲ."

"ನೋಡಿ," ಅವರು ಎಳೆಯರ ಕಡೆ ತಿರುಗಿದರು, "ಎಷ್ಟು ಚೆನ್ನಾಗಿ ಕೆಲಸ ಮಾಡಿದೆ. ಚರ್ಮದಲ್ಲಿ ಒಂದು ಕಲೆಯೂ ಇಲ್ಲ. ಅಪಾ, ಈಗ ಮುಷ್ಟಿ ಕಟ್ಟಿ."

ದಾಮೆಶ್ ಕೈ ಎತ್ತಿ ನೋಡಿಕೊಂಡಳು. ಹೆಬ್ಬೆರಳು ಸ್ವಲ್ಪ ಬಾಗಿತು, ಉಳಿದವು ನೆಟ್ಟಗೆ ನಿಂತವು. ಹೊರಗೆ ಮರಿಗಳು ಹಾಲಿಗೆ ಅರಚುತ್ತಿದ್ದವು. ಎಳೆಯರಲ್ಲಿ ಒಬ್ಬಳು ಏನೋ ಬರೆದುಕೊಂಡಳು.

"ಡಾಕ್ಟರಮ್ಮ," ಅಂದಳು ದಾಮೆಶ್, "ನಂಗೆ ಈ ಮೇಜಿಗೆ ಗುದ್ದಬೇಕು ಅನ್ನಿಸ್ತಿದೆ. ಹೋದ ಬೇಸಿಗೆಯಿಂದ ಅನ್ನಿಸ್ತಾನೇ ಇದೆ. ಮುಷ್ಟಿ ಇಲ್ಲ."

ಹಾಗೆಂದು, ತೆರೆದ ಅಂಗೈಯಿಂದಲೇ ಮೇಜಿಗೆ ಬಡಿದಳು. ಬಟ್ಟಲುಗಳಲ್ಲಿದ್ದ ಚಹಾ ಚೆಲ್ಲಿ ಹಾಸಿನ ಮೇಲೆ ಹರಿಯಿತು, ಯಾರೂ ಒರೆಸಲು ಏಳಲಿಲ್ಲ.